‘ಲರ್ನಿಂಗ್ ಕಮ್ಯುನಿಟಿ’ ದಡ್ಡರ ತರಗತಿಯಲ್ಲ: ಸ್ಪಷ್ಟನೆ

‘ಅಮೆರಿಕದ ಕಾಲೇಜಿನಲ್ಲಿ ಲರ್ನಿಂಗ್ ಕಮ್ಯುನಿಟಿಗೆ ಹಾಕಿದರೆ ಮಗು ಓದಿನಲ್ಲಿ ಹಿಂದಿದೆ ಎಂದರ್ಥ, ಕ್ರೆಡಿಟ್ಟೂ (ಪದವಿಗೆ ಲೆಕ್ಕಕ್ಕೆ ಬರುವ ಅಂಕ) ಸಿಗದು’ ಎಂಬ ಸಂದೇಶ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದು ತಪ್ಪು.

ಒಂದೇ ತಂಡದ ವಿದ್ಯಾರ್ಥಿಗಳು ಎರಡು ಮೂರು ವಿಷಯಗಳನ್ನು ಜೋಡಿಸಿ ಒಟ್ಟಿಗೆ ಓದುವ ವ್ಯವಸ್ಥೆ ಇದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1927ರಲ್ಲೇ ಶಿಕ್ಷಣತಜ್ಞ ಅಲೆಕ್ಸಾಂಡರ್ ಮೈಕಲ್‌ಜಾನ್ ಇಂಥದ್ದನ್ನು ನಡೆಸಿದ್ದರು. ಮೊದಲ ವರ್ಷವಿಡೀ ಪ್ರಾಚೀನ ಅಥೆನ್ಸ್ ಅಧ್ಯಯನ! ದಡ್ಡರಿಗೆ ಕೊಡುವ ಪಾಠವೇ ಅದು? ವಾಷಿಂಗ್ಟನ್ ರಾಜ್ಯದ ಎವರ್‌ಗ್ರೀನ್ ಕಾಲೇಜಿನಲ್ಲಿ ಬೇರೆ ಬೇರೆ ವಿಷಯಗಳ ಅಧ್ಯಾಪಕರು ಸೇರಿ ಕಲಿಸುತ್ತಾರೆ, ಪೂರ್ಣಾವಧಿ ಕಾರ್ಯಕ್ರಮಕ್ಕೆ ಒಂದು ಕ್ವಾರ್ಟರ್‌ಗೆ (ಕಾಲೇಜಿನ ಒಂದು ಅವಧಿಗೆ) 16 ಕ್ರೆಡಿಟ್.

ಕೆಲವು ಕಮ್ಯುನಿಟಿ ಕಾಲೇಜುಗಳಲ್ಲಿ (ಮುಖ್ಯವಾಗಿ ಎರಡು ವರ್ಷದ ಕೋರ್ಸ್ ನಡೆಸುವ ಸ್ಥಳೀಯ ಕಾಲೇಜುಗಳು) ಬುನಾದಿ ಗಟ್ಟಿಮಾಡಲೂ ಇದನ್ನು ಬಳಸುವುದುಂಟು. ಗೊಂದಲ ಅಲ್ಲಿಂದ ಬಂದಿರಬಹುದು. ಆಯಾ ಕಾಲೇಜಿನ ಕೋರ್ಸ್ ಪಟ್ಟಿಯಲ್ಲೇ ಕ್ರೆಡಿಟ್ ನಮೂದಾಗಿರುತ್ತದೆ, ನೋಡಿಕೊಳ್ಳಿ. ಆ ಸಂದೇಶವನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.