ಆ ಇದು ಎಲ್ಲಿಟ್ಟೆ?

ನಮ್ಮಮ್ಮಂಗೆ ಯಾವುದರ ಹೆಸರು ಮರೆತುಹೋದ್ರೂ ಒಂದೇ ಪದ, "ಇದು". "ಲೋ, ಇದರ ಮೇಲೆ ಇದಿಟ್ಟಿದೀನಿ, ಒಂಚೂರು ಇದ್ ಮಾಡೋ" ಅಂದ್ರೆ ಒಲೆ ಮೇಲೆ ಹಾಲಿದೆ, ಉರಿ ಸಣ್ಣ ಮಾಡು ಅಂತ. ಮನೇಲಿ ಎಲ್ರಿಗೂ ತಿಳಿಯುತ್ತೆ, ಹೊಸದಾಗಿ ಬಂದ ಸೊಸೆಗೆ ಮಾತ್ರ ಒಂದಾರು ತಿಂಗಳು ಬೇಕಾಯ್ತು.

ಇಂಗ್ಲಿಷಿನೋರು ಈ ಜಾಗಕ್ಕೆ ಥಿಂಗ್ ಅಂತಾರೆ, ಜರ್ಮನ್ನರು ಡಿಂಗ್, ಸ್ವೀಡನ್ನಿನೋರು ಟಿಂಗ್. ಜರ್ಮನ್ನರಂತೂ ಪಕ್ಕದ ಮನೆಯೋನ ಹೆಸರು ಬಾಯಿಗೆ ಬರದಿದ್ರೆ ಅವನನ್ನೂ ಡಿಂಗ್ಸ್ ಅಂದುಬಿಡ್ತಾರೆ. ಈ ಥಿಂಗ್ ಹುಟ್ಟಾ ಸೋಮಾರಿ ಪದ ಅಂದ್ಕೊಂಡಿದ್ದೆ, ಆದ್ರೆ ಅದರ ಹಳೇ ದರ್ಬಾರೇ ಬೇರೆ! ಹಳೇ ಇಂಗ್ಲಿಷಲ್ಲೂ ಸ್ಕ್ಯಾಂಡಿನೇವಿಯಾದೋರ ಹಳೇ ನಾರ್ಸ್ ಭಾಷೇಲೂ ಅದಕ್ಕೆ ಸಭೆ ಅಂತ ಅರ್ಥ, ಜನ ಬಯಲಲ್ಲಿ ಸೇರಿ ನ್ಯಾಯ ತೀರ್ಮಾನ ಮಾಡೋ ಸಭೆ.

ಐಸ್‌ಲ್ಯಾಂಡಲ್ಲಿ 930ರ ಸುಮಾರಿಗೆ ಇಂಥದ್ದೊಂದು ಶುರುವಾಯ್ತು, ಆಲ್‌ಥಿಂಗ್ ಅಂತ. ಆಗ ಕಾನೂನು ಬರೆದಿಟ್ಟ ಪುಸ್ತಕ ಇಲ್ಲ, ಅದಕ್ಕೇ ಅಂತ ಒಬ್ಬ ಬಂಡೆ ಮೇಲೆ ನಿಂತು ವರ್ಷಕ್ಕೆ ಮೂರನೇ ಒಂದು ಭಾಗದ ಹಾಗೆ ಬಾಯಿಪಾಠ ಒಪ್ಪಿಸ್ತಿದ್ದ, ಮೂರು ವರ್ಷಕ್ಕೆ ಪೂರ್ತಿ. 1000ನೇ ಇಸವಿ ಆಸುಪಾಸಲ್ಲಿ ಹಳೇ ದೇವರಾ, ಕ್ರಿಸ್ತನಾ ಅಂತ ಜನ ಎರಡು ಪಾಲಾದಾಗ ತೀರ್ಮಾನ ಥೋರ್‌ಗೆಯಿರ್ ಅನ್ನೋ ಕಾನೂನು ಹೇಳೋನ ತಲೆಗೇ ಬಂತು, ಅವನೋ ಹಳೇ ದೇವರ ಕಡೆಯೋನು. ಒಂದು ಹಗಲು ಒಂದು ರಾತ್ರಿ ಮುಸುಕು ಹಾಕ್ಕೊಂಡು ಮಲಗಿದ್ದು ಎದ್ದು ಬಂದು, ಎಲ್ರೂ ಕ್ರಿಸ್ತನ ಕಡೆಗೆ, ಆದ್ರೆ ಮನೆಯೊಳಗೆ ಗುಟ್ಟಾಗಿ ಹಳೇ ದೇವರಿಗೆ ಬಲಿ ಕೊಟ್ಕೊಂಡ್ರೆ ಕೇಳೋಲ್ಲ ಅಂದ ಅಂತ ಕಥೆ ಇದೆ. ಮುಸುಕು ಹಾಕ್ಕೊಂಡು ಯೋಚನೆ ಮಾಡಿದ್ರೆ ಬುದ್ಧಿ ಬರುತ್ತೆ ಅಂತ ನಾನು ಭಾನುವಾರ ಬೆಳಗ್ಗೆ ಹೇಳಿದ್ರೆ ಯಾರೂ ನಂಬಲ್ಲ.

ಅಲ್ಲಿ ಪಾರ್ಲಿಮೆಂಟಿಗೆ ಇವತ್ತಿಗೂ ಅದೇ ಹೆಸರು, ನಾರ್ವೇದು ಸ್ಟೋರ್‌ಟಿಂಗ್, ಡೆನ್ಮಾರ್ಕಿಂದು ಫೋಲ್ಕೆಟಿಂಗ್. ಉಳಿದ ಕಡೆ ಪದ ಹಂಗೇ ಜಾರಿ, ಸಭೆ ಹೋಗಿ ಸಭೆಗೆ ಬಂದ ವ್ಯಾಜ್ಯ ಆಯ್ತು, ವ್ಯಾಜ್ಯ ಹೋಗಿ ಯಾವುದೋ ಒಂದು ವಿಷಯ ಆಯ್ತು, ಕೊನೆಗೆ ಮೇಜಿನ ಮೇಲಿರೋ ಡಬ್ಬಿ ಮುಚ್ಚಳನೂ ಥಿಂಗೇ.

ನಾವೇನು ಕಮ್ಮಿ ಇಲ್ಲ. ಸಂಗತಿ ಅಂದ್ರೆ ಮೂಲದಲ್ಲಿ ಜೊತೆ ಸೇರೋದು, ಈಗ "ಏನಪ್ಪಾ ಸಂಗತಿ?" ಅಂತ ಒಬ್ಬನೇ ನಿಂತಿರೋನನ್ನೂ ಕೇಳ್ತೀವಿ. ಪದಾರ್ಥದ ಕಥೆ ಇನ್ನೂ ಚೆಂದ, ಪದದ ಅರ್ಥ ಅಂತ ಹುಟ್ಟಿದ್ದು ವಸ್ತು ಆಯ್ತು, ವೈಶೇಷಿಕರು ಅನ್ನೋ ಹಳೇ ಕಾಲದ ದರ್ಶನದೋರು ಕೂತು ಲೋಕದಲ್ಲಿರೋದೆಲ್ಲ ಸೇರಿ ಪದಾರ್ಥ ಆರೇ ಅಂತ ಎಣಿಸಿದ್ರು, ಆಮೇಲಿನೋರು ಏಳು ಮಾಡಿದ್ರು. ಮಂಗಳೂರಲ್ಲಿ ಫ್ರೆಂಡ್ ಮನೆಗೆ ಊಟಕ್ಕೆ ಹೋದಾಗ ಅವರಮ್ಮ "ಇವತ್ತು ಬಸಳೆ ಪದಾರ್ಥ" ಅಂತ ಅನ್ನದ ಮೇಲೆ ಸುರಿದ್ರು. ಅದು ಏಳರಲ್ಲಿ ಎಷ್ಟನೇದೋ, ನಾನಂತೂ ಎರಡು ಸಲ ಹಾಕಿಸ್ಕೊಂಡೆ.