ಫಿಲ್ಲಿಂಗ್‌ಗೆ ಮುನ್ನ ಹಚ್ಚುವ ಆಮ್ಲ: ಒಂದು ಸ್ಪಷ್ಟನೆ

“ರೆಸಿನ್ (ಹಲ್ಲಿನ ಬಣ್ಣದ, ಪ್ಲಾಸ್ಟಿಕ್‌ನಂಥ ವಸ್ತು) ಫಿಲ್ಲಿಂಗ್‌ಗೆ ಮುನ್ನ ಹಚ್ಚುವ ಆಮ್ಲ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಅನ್ನೇ ತಿಂದುಹಾಕುತ್ತದೆ, ಬೇಡವೆನ್ನಿ” ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ನಂಬಿದವರ ಹಲ್ಲಿಗೇ ನಷ್ಟ.

ಸಾಮಾನ್ಯವಾಗಿ ಬಳಸುವುದು ಸುಮಾರು 37% ಫಾಸ್ಫಾರಿಕ್ ಆಮ್ಲದ ಜೆಲ್. ಅದನ್ನು 15ರಿಂದ 30 ಸೆಕೆಂಡಿನಲ್ಲಿ ತೊಳೆದುಬಿಡುತ್ತಾರೆ. ಕರಗುವುದು ಸುಮಾರು 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಪದರ ಮಾತ್ರ. ದವಡೆ ಹಲ್ಲಿನ ಮೊನೆಗಳಲ್ಲಿ ಎನಾಮಲ್ 2 ಮಿಲಿಮೀಟರಿನಷ್ಟು ದಪ್ಪವಿರುತ್ತದೆ. ನುಣುಪಾದ ಮೇಲ್ಮೈಯಲ್ಲಿ ಹೀಗೆ ಮೂಡಿದ ಸೂಕ್ಷ್ಮ ರಂಧ್ರಗಳಿಗೆ ದ್ರವ ರೆಸಿನ್ ಇಳಿದು, ಗಟ್ಟಿಯಾಗಿ, ಬೇರಿನಂತೆ ಕಚ್ಚಿಕೊಳ್ಳುತ್ತದೆ. ಆಮ್ಲ ಹಚ್ಚಿದರೆ ರೆಸಿನ್ ಹಿಡಿತ ಹೆಚ್ಚುತ್ತದೆ ಎಂದು ಅಮೆರಿಕದ ದಂತವೈದ್ಯ ಮೈಕೆಲ್ ಬ್ಯೂನೊಕೋರ್ 1955ರಲ್ಲೇ ತೋರಿಸಿಕೊಟ್ಟಿದ್ದರು.

ನಿಜವಾಗಿ ಎಚ್ಚರ ಬೇಕಿರುವುದು ಎಂಜಲಿನ ಬಗ್ಗೆ. ತೊಳೆದು ಒಣಗಿಸಿದ ಮೇಲ್ಮೈಗೆ ಅದು ತಗುಲಿದರೆ ರಂಧ್ರಗಳು ಮುಚ್ಚಿ ಹಿಡಿತ ಕುಗ್ಗುತ್ತದೆ. ಬಾಯಿ ಮುಚ್ಚಬೇಡಿ ಎಂದು ವೈದ್ಯರು ಹೇಳಿದಾಗ ದಯವಿಟ್ಟು ಸಹಕರಿಸಿ.