ವಿರೇಚನಕ್ಕೆ ಮೊದಲು ಮಾತ್ರೆಯ ಚೀಲ ಬಿಚ್ಚಿ ನೋಡಲಿ

ಹುಬ್ಬಳ್ಳಿ-ಧಾರವಾಡದಲ್ಲಿ ದೇಹಶುದ್ಧಿಗೆಂದು ಮಾಡುವ ಆಯುರ್ವೇದದ ಐದು ಚಿಕಿತ್ಸೆಗಳಾದ ಪಂಚಕರ್ಮವನ್ನು ಪ್ಯಾಕೇಜ್ ಲೆಕ್ಕದಲ್ಲಿ ಮಾರುವುದು ಈಗ ಯಾರಿಗೂ ಹೊಸದೆನಿಸುವುದಿಲ್ಲ. ನನ್ನ ತಕರಾರು ಚಿಕಿತ್ಸೆಯ ಮೇಲಲ್ಲ, ರೋಗಿಯನ್ನು ಸರಿಯಾಗಿ ಪರೀಕ್ಷಿಸದೆ ಅದನ್ನು ಕೊಡುವ ಅವಸರದ ಮೇಲೆ.

ಔಷಧಿ ಕೊಟ್ಟು ಭೇದಿ ಮಾಡಿಸುವ ವಿರೇಚನವನ್ನೇ ನೋಡಿ. ಚರಕಸಂಹಿತೆಯ ಪ್ರಕಾರ ಕನಿಷ್ಠ ಶುದ್ಧಿಗೆ 10 ವೇಗ (ಅಂದರೆ ಅಷ್ಟು ಸಲ ಭೇದಿ), ಮಧ್ಯಮಕ್ಕೆ 20, ಉತ್ತಮಕ್ಕೆ 30. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿರುವವರಿಗೆ ಅಷ್ಟು ಭೇದಿಯಾದರೆ ನೀರಿನ ಜೊತೆಗೆ ಪೊಟ್ಯಾಶಿಯಮ್ ಕೂಡ ಇಳಿದು, ತಲೆಸುತ್ತಿನಿಂದ ಹಿಡಿದು ಹೃದಯಬಡಿತದ ಏರುಪೇರಿನವರೆಗೆ ಏನು ಬೇಕಾದರೂ ಆಗಬಹುದು. ವಿರೇಚನದ ಬಳಿಕ ಬರೀ ಗಂಜಿ ಕುಡಿಯುವ ದಿನವೂ ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಪಿತ್ತಕೋಶದಲ್ಲಿ ಕಲ್ಲಿದ್ದವರಿಗೆ ವಿರೇಚನಕ್ಕೆ ಮೊದಲು ಕುಡಿಸುವ ಸ್ನೇಹಪಾನದ ತುಪ್ಪವೇ ಹೊಟ್ಟೆನೋವು ತರಬಹುದು. ಮಧುಮೇಹದಿಂದ ಪಾದ ಜೋಮುಗಟ್ಟಿದವರಿಗೆ ಬೆವರಿಸಲು ಕೊಡುವ ಹಬೆ ಸುಟ್ಟರೂ ತಿಳಿಯದು.

ಹಿರಿಯ ಬಂಧುವೊಬ್ಬರ ಜೊತೆ ನಾನು ಹೋಗಿದ್ದ ಕೇಂದ್ರವೊಂದರ ನೋಂದಣಿ ಕಾರ್ಡಿನಲ್ಲಿ ಹೆಸರು, ವಯಸ್ಸು, ಮೊಬೈಲ್ ನಂಬರ್ ಮತ್ತು ಪ್ಯಾಕೇಜಿಗೆ ಗುರುತು ಹಾಕುವ ಚೌಕಗಳಿದ್ದವು. ಅವರ ಕೈಚೀಲದಲ್ಲಿದ್ದ ಬಿಪಿ, ಶುಗರ್ ಮಾತ್ರೆಗಳನ್ನು ಯಾರೂ ಕೇಳಲಿಲ್ಲ. ನಾನೇ ಪ್ರಸ್ತಾಪಿಸಿದಾಗ “ಏನೂ ಆಗೂದಿಲ್ರಿ, ಹೊಟ್ಟಿ ಸ್ವಚ್ಛ ಆಗತೈತಿ” ಎಂಬ ಉತ್ತರ ಬಂತು.

ರಕ್ತಪರೀಕ್ಷೆ ಅಲೋಪಥಿಯವರ ಪದ್ಧತಿ, ಆಯುರ್ವೇದಕ್ಕೆ ಅದೇಕೆ ಎನ್ನುವವರೂ ಇದ್ದಾರೆ. ಆದರೆ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗವೇ ರೋಗಿಯ ಬಲ, ವಯಸ್ಸು, ಆಹಾರಶಕ್ತಿ ಮೊದಲಾದವನ್ನು ನೋಡುವ ದಶವಿಧ ಪರೀಕ್ಷೆಯನ್ನು ವಿವರಿಸಿದೆ. ಅದೇ ಗ್ರಂಥದ ಸಿದ್ಧಿಸ್ಥಾನವೆಂಬ ಭಾಗದ ಎರಡನೆಯ ಅಧ್ಯಾಯ ಪ್ರತಿ ಕರ್ಮಕ್ಕೂ ಯಾರು ಅನರ್ಹರೆಂದು ಪಟ್ಟಿ ಮಾಡಿದೆ. ವಾಂತಿ ಮಾಡಿಸುವ ವಮನದ ಪಟ್ಟಿಯಲ್ಲಿ ಗರ್ಭಿಣಿ, ಹೃದ್ರೋಗಿ, ವೃದ್ಧ, ಅತಿಕೃಶ ಎಲ್ಲರೂ ಇದ್ದಾರೆ. ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಸೋಡಿಯಮ್-ಪೊಟ್ಯಾಶಿಯಮ್, ಹಿಮೋಗ್ಲೋಬಿನ್, ಸಕ್ಕರೆ, ಅಗತ್ಯವಿದ್ದವರಿಗೆ ಇಸಿಜಿ: ಇವು ಅದೇ ವಿಚಾರಣೆಗೆ ಇಂದು ಸಿಕ್ಕಿರುವ ಸಾಧನಗಳು. (ಬರೀ ಮೈಗೆ ಎಣ್ಣೆ ತಿಕ್ಕುವ ಅಭ್ಯಂಗಕ್ಕೆ ಇಷ್ಟೆಲ್ಲ ಬೇಕೆಂದು ನಾನು ಹೇಳುತ್ತಿಲ್ಲ.)

ಗದಗ, ಹುಬ್ಬಳ್ಳಿಗಳಲ್ಲಿ ಆಯುರ್ವೇದ ಕಾಲೇಜುಗಳೇ ಇರುವಾಗ ವೈದ್ಯರಿಲ್ಲದ ಕೇಂದ್ರವನ್ನು ಹುಡುಕಿಕೊಂಡು ಹೋಗುವ ಅಗತ್ಯ ನಮಗಿಲ್ಲ. ಎಲ್ಲಿಗೇ ಹೋದರೂ ಮಾತ್ರೆಗಳನ್ನು ಚೀಟಿಸಮೇತ ಒಯ್ಯಿರಿ. ಅವನ್ನು ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸುವುದೋ ಪ್ರಮಾಣ ತಗ್ಗಿಸುವುದೋ ಎಂಬುದನ್ನು ಬರೆದುಕೊಟ್ಟ ವೈದ್ಯರೇ ಹೇಳಲಿ. ಹಣ ಕಟ್ಟುವ ಮೊದಲು ಇನ್ನೆರಡು ಮಾತು ಕೇಳಿರಿ: ರಾತ್ರಿ ಭೇದಿ ನಿಲ್ಲದಿದ್ದರೆ ಫೋನ್ ಎತ್ತುವ ವೈದ್ಯರು ಯಾರು, ಸಲೈನ್ ಹಚ್ಚುವ ವ್ಯವಸ್ಥೆ ಅಲ್ಲೇ ಇದೆಯೇ?